ಒಂದು ಕೆಬಿ

ನಾಪೋಕ್ಲು ಬಸ್‌ಸ್ಟ್ಯಾಂಡಿನ ಎದುರು, ಮೆಟ್ಟಿಲು ಹತ್ತಿದರೆ
ಎಡಕ್ಕೆ ಟೈಲರ್ ಶೌಕತ್, ಬಲಕ್ಕೆ ನನ್ನ ಅಂಗಡಿ:
ಝೆರಾಕ್ಸ್, ಲ್ಯಾಮಿನೇಶನ್, ಡಿಟಿಪಿ.
ಏಪ್ರಿಲ್ ಮೂರನೇ ವಾರ, ಹಾಕಿ ಹಬ್ಬದ ಗಡಿಬಿಡಿ.
ಬಿದ್ದಪ್ಪ ಬಂದ, ಸೀಟಿಯ ದಾರಕ್ಕೇ
ಪೆನ್‌ಡ್ರೈವ್ ಕಟ್ಟಿಕೊಂಡು.
"ನಾಳೆಯ ಪಂದ್ಯದ ಪಟ್ಟಿ. ನಲವತ್ತು ಪ್ರತಿ ತೆಗಿ."

ಚುಚ್ಚಿದೆ.
ಹಳದಿ ಫೋಲ್ಡರುಗಳೆಲ್ಲ ಇದ್ದವು, ಹೆಸರು ಸಮೇತ.
ಒಂದೊಂದರ ಮೂಲೆಯಲ್ಲೂ ಬಾಗಿದ ಬಾಣ ಮಾತ್ರ ಹೊಸತು.
ತೂಕ ನೋಡಿದೆ: ಒಂದು ಕೆಬಿ.
ಇನ್ನೂರು ಮನೆತನದ ಆಟಗಾರರು, ವರ್ಷವರ್ಷದ ಫೋಟೊ,
ಯಾವುದನ್ನು ಮುಟ್ಟಿದರೂ ಒಂದೇ ಕೆಬಿ.
ಬತ್ತದ ಮೂಟೆಯೆಂದು ಸೊಂಟ ಬಿಗಿದು
ಜೊಳ್ಳಿನ ಮೂಟೆ ಎತ್ತಿದ ಹಾಗೆ
ಕೈ ಸುಮ್ಮನೆ ಮೇಲಕ್ಕೆ ಹಾರಿತು.

"ಹೋಯಿತಾ?"
ರೆಫರಿಯ ಮುಖ ಹಾಗೆ ಬಿಳಿಚಿದ್ದನ್ನು ಕಂಡಿರಲಿಲ್ಲ.
ಹೋಗಿಲ್ಲ ಮಾರಾಯ, ಅಡಗಿಸಿಟ್ಟಿದೆ.
ಈ ಹುಳು ತಿನ್ನುವುದಿಲ್ಲ, ಮುಚ್ಚುತ್ತದೆ;
ಒಳಗಿದ್ದವರ ಹೆಸರು ತಾನಿಟ್ಟುಕೊಂಡು
ಹೊಸಿಲಲ್ಲಿ ಕೂತು "ಬನ್ನಿ" ಅನ್ನುತ್ತದೆ.
ಎರಡು ಸಲ ಬೆರಳು ಬಡಿದರೆ ಸಾಕು,
ಒಳಮನೆ ತೋರಿಸುತ್ತ ತೋರಿಸುತ್ತಲೇ
ನಿಮ್ಮ ಮನೆಗೂ ಬಂದಿರುತ್ತದೆ.

ಕಾಫಿಕಾಯಿ ಕೊರಕಕ್ಕೆ ದೂರ ಹಾರುವ ಶಕ್ತಿಯಿಲ್ಲ
ಅನ್ನುತ್ತಿದ್ದರು ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಮಾವ.
ತೋಟದಿಂದ ತೋಟಕ್ಕೆ ಅದನ್ನು ಹೊತ್ತದ್ದು
ಬಾಡಿಗೆಯ ಗೋಣಿಚೀಲ.
"ಹುಳಕ್ಕೆ ಬಯ್ಯಬೇಡ. ಚೀಲ ಒದರು."

ಕಪ್ಪು ಪರದೆ ತೆರೆದೆ. ಬೆರಳಿಗೆ ಬಾಯಿಪಾಠವಾದ ಸಾಲು:
ಆಟ್ರಿಬ್, ಮೈನಸ್ ಎಚ್: ಅಡಗಿದ್ದು ಸಾಕು, ಹೊರಗೆ ಬಾ.
ಮೈನಸ್ ಎಸ್: ಯಂತ್ರದ ಸ್ವತ್ತಲ್ಲ ನೀನು, ಹೊರಗೆ ಬಾ.
ಎಂಟರ್ ಒತ್ತಿ ಕೈಕಟ್ಟಿ ಕೂತೆವು.
ಭಾಗಮಂಡಲದ ಬಸ್ಸು ಹಾರನ್ ಹೊಡೆದು ಹೊರಟಿತು.
ಆಮೇಲೆ ಒಂದೊಂದೇ.
ಪಟ್ಟಿ ಬಂತು. ಹಳೆಯ ಫೈನಲ್ ಬಂತು.
ಗೋಲ್‌ಪೋಸ್ಟಿಗೆ ಒರಗಿ ನಗುತ್ತ, ಈಗಿಲ್ಲದ
ಅವನ ತಂಗಿ ದೇವಕ್ಕಿ ಬಂದಳು.
ಬಿದ್ದಪ್ಪ ಕನ್ನಡಕ ತೆಗೆದು ಅಂಗಿಗೆ ಒರೆಸಿದ.
"ನಲವತ್ತೈದು ಇರಲಿ" ಅಂದ.

ಆದರೆ ಎಲ್ಲಿಂದ ಬಂತು?
ಅವನಿಗೆ ಸಿಸಿಲಿ ಟೀಚರಿಂದ. ಅವರಿಗೆ
ಮದುವೆ ವಿಡಿಯೊದ ಉಮ್ಮರನಿಂದ. ಉಮ್ಮರನಿಗೆ ಪಂಚಾಯಿತಿಯಿಂದ.
ಪಂಚಾಯಿತಿಗೆ?
ರಸೀದಿ ಪುಸ್ತಕ ತಿರುವಿದೆ.
ಮಾರ್ಚ್ ಹನ್ನೆರಡು, ವರದಿ, ಆರು ಪುಟ, ಹದಿನೆಂಟು ರೂಪಾಯಿ.
ಕೆಳಗೆ ನನ್ನದೇ ಸಹಿ.
ಐದು ವಾರ ಊರೆಲ್ಲ ಒಂದೇ ಲೋಟದಲ್ಲಿ ನೀರು ಕುಡಿದಿತ್ತು,
ಲೋಟ ನನ್ನದು.

ರಾತ್ರಿ ಶಟರ್ ಅರ್ಧ ಎಳೆದು ಕೂತೆ.
ಕೆಲಸದವರ ಸಾಲಿನಲ್ಲಿ ಬಡ ಗುಮಾಸ್ತನ ಹೆಸರಿಟ್ಟುಕೊಂಡು
ನಿಂತಿತ್ತು ಅದು. ಕೊಂದೆ, ಎದ್ದಿತು.
ಮತ್ತೆ ಕೊಂದೆ, ಪಕ್ಕದವನು ಎಬ್ಬಿಸಿದ.
ಇಬ್ಬರನ್ನೂ ಒಟ್ಟಿಗೇ ಮುಗಿಸಿ, ಬೆಳಗಿನ ಬಾಗಿಲಲ್ಲಿ
ಅದು ಬರೆದಿಟ್ಟ ಕರೆಯೋಲೆಯನ್ನು ಅಳಿಸುವಾಗ
ಗಂಟೆ ಎರಡೂವರೆ.
ಕೊನೆಗೊಂದು ಹಳೆಯ ಉಪಾಯ:
ಹುಳು ಬರೆಯಬೇಕೆಂದಿರುವ ಕಡತದ ಹೆಸರಿನಲ್ಲೇ
ಒಂದು ಖಾಲಿ ಫೋಲ್ಡರ್.
ಈ ಹೆಸರಿನ ಮನೆಯಲ್ಲಿ ಆಗಲೇ ಯಾರೋ ಇದ್ದಾರೆ
ಎಂದುಕೊಂಡು ಹಿಂದಿರುಗಲಿ.
ಏನೂ ಇಲ್ಲದ್ದಕ್ಕೂ ಕಾವಲಿನ ಕೆಲಸ ಸಿಕ್ಕಿತು.

ಬೆಳಿಗ್ಗೆ ಬಾಗಿಲಿಗೆ ಕಾಗದ ಅಂಟಿಸಿದೆ:
ಮಾರ್ಚ್ ಹನ್ನೆರಡರ ಮೇಲೆ ಇಲ್ಲಿ ಚುಚ್ಚಿದ ಡ್ರೈವ್ ತನ್ನಿ.
ದುಡ್ಡು ಬೇಡ. ತಪ್ಪು ನಮ್ಮದು.
"ಹೀಗೆ ಬರೆದರೆ ನಾಳೆ ಯಾರು ಬರ್ತಾರೆ?"
ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದ ಶೌಕತ್.
ಸಂಜೆಯೊಳಗೆ ಹತ್ತೊಂಬತ್ತು ಬಂದವು,
ಬೈಕಿನ ಕೀಗೊಂಚಲಲ್ಲಿ, ಮಾತ್ರೆಯ ಡಬ್ಬಿಯಲ್ಲಿ,
ಒಂದು ಸೆರಗಿನ ಗಂಟಿನಲ್ಲಿ.

ಇಪ್ಪತ್ತನೆಯದು ಕೆಂಪು, ಮುಚ್ಚಳ ಕಳೆದದ್ದು,
ಚೆಯ್ಯಂಡಾಣೆಯ ಹುಡುಗಿಯದು.
ಕೆಲಸ ಕೇಳುವ ಅರ್ಜಿ, ಒಂದೇ ಪುಟ ಇತ್ತು ಅದರಲ್ಲಿ.
ಮಡಿಕೇರಿ, ವಿರಾಜಪೇಟೆ, ಕುಶಾಲನಗರ,
ಯಾರ್ಯಾರ ಮೇಜಿನ ಮೇಲೆ ಇಟ್ಟಿದ್ದಾಳೋ,
ಯಾರ್ಯಾರು ಚುಚ್ಚಿ ನೋಡಿದ್ದಾರೋ.
ಫೋನು ಎತ್ತುತ್ತಿಲ್ಲ.
ಇನ್ನೊಂದು ಸಲ ಮಾಡುತ್ತೇನೆ.