ಮೂರನೇ ತೊಟ್ಟಿ

ಊರೆಲ್ಲ ಮಲಗಿದ ಮೇಲೆ ಊರು ನನ್ನ ಬಳಿ ಬರುತ್ತದೆ.
ಗಲೀಸಿಯಾದ ಈ ತುದಿಯಲ್ಲಿ, ಕೊವೇಲದ ನಾಲ್ಕು ಸಾವಿರ ಜನ
ಒಂದೇ ಕೊಳವೆಯಲ್ಲಿ, ಹೆಸರಿಲ್ಲದೆ.

ಮೊದಲು ಕಬ್ಬಿಣದ ಬಾಚಣಿಗೆ.
ಅದರ ಹಲ್ಲಿಗೆ ಸಿಕ್ಕಿದ್ದನ್ನು ಕೊಕ್ಕೆಯಿಂದ ಎತ್ತುತ್ತೇನೆ:
ಒರೆಸಿ ಎಸೆದ ಬಟ್ಟೆ, ಬಟ್ಟೆ, ಮತ್ತೆ ಬಟ್ಟೆ,
ಯಾರದೋ ಕಟ್ಟಿಸಿದ ಹಲ್ಲು,
ಒಮ್ಮೆ ಒಂದು ಮದುವೆಯುಂಗುರ.
ಒಳಗೆ ಕೆತ್ತಿದ ಹೆಸರನ್ನು ಓದಿ, ತೊಳೆದು, ಡ್ರಾಯರಿನಲ್ಲಿಟ್ಟಿದ್ದೇನೆ.
ಜಾರಿತೋ, ಎಸೆದರೋ
ತಿಳಿಯದೆ ಹೋಗಿ ಬಾಗಿಲು ತಟ್ಟುವುದು ಹೇಗೆ?

ಫುಟ್‌ಬಾಲಿನ ಅರ್ಧವಿರಾಮಕ್ಕೆ ನೀರು ಒಂದು ಗೇಣು ಏರುತ್ತದೆ.
ಮೀನು ಡಬ್ಬಿಯ ಕಾರ್ಖಾನೆ ಸೋಮವಾರ ನೆಲ ತೊಳೆದರೆ
ಮಂಗಳವಾರ ನನ್ನ ತೊಟ್ಟಿಯ ತುಂಬ ಜಿಡ್ಡಿನ ಕಣ್ಣು.

ನೋಡಲು ಬಂದ ಶಾಲೆಯ ಮಕ್ಕಳು ಮೂಗು ಮುಚ್ಚಿಕೊಂಡರು.
ಮೊದಲ ತೊಟ್ಟಿಯಲ್ಲಿ ಗಾಳಿ ಕುದಿಯುತ್ತಿತ್ತು.
ಮದ್ದು ಹಾಕುತ್ತೀರಾ, ಎಂದಳು ಒಬ್ಬಳು.
ಇಲ್ಲ, ಹೆಪ್ಪು ಹಾಕುತ್ತೇನೆ, ಎಂದೆ.
ನಿನ್ನೆಯ ಕೆಸರಲ್ಲಿ ಒಂದು ಪಾಲು ಉಳಿಸಿ
ಇವತ್ತಿನ ನೀರಿಗೆ ಬೆರೆಸುವುದು;
ಕಣ್ಣಿಗೆ ಕಾಣದವು ತಿನ್ನುತ್ತವೆ, ಹೆಚ್ಚುತ್ತವೆ,
ಎರಡನೇ ತೊಟ್ಟಿಯಲ್ಲಿ ಭಾರವಾಗಿ ತಳ ಸೇರುತ್ತವೆ.
ಮೇಲೆ ಉಳಿದದ್ದು ನೀರು.
ಅವಕ್ಕೆ ಹೆಸರಿದೆಯಾ?
ಇದೆ. ಕರೆದರೆ ಬರುವುದಿಲ್ಲ.

ಮೂರನೇ ತೊಟ್ಟಿ ನಕ್ಷೆಯಲ್ಲಿದೆ.
ಮೇಯರ್ ಇಶೀನಿಯೊ ಪ್ರತಿ ಚುನಾವಣೆಗೂ ಅದನ್ನು ಕಟ್ಟಿಸುತ್ತಾರೆ.

ಅಮ್ಮ ಎಲಾದಿಯಾ ನಲವತ್ತು ವರ್ಷ
ಇಳಿತದ ಕೆಸರಿನಲ್ಲಿ ಬಗ್ಗಿ ಚಿಪ್ಪು ಹೆಕ್ಕಿದವಳು.
ಬೆನ್ನು ಆ ಬಾಗಿನಲ್ಲೇ ನಿಂತುಬಿಟ್ಟಿದೆ.
ಒಂದು ಬೆಳಿಗ್ಗೆ ಅಳಿವೆಯಲ್ಲಿ ಹಳದಿ ಫಲಕ ನೆಟ್ಟರು: ಹೆಕ್ಕಬಾರದು.
ಫಲಕದ ಕೊರಳಿಗೆ ಬುಟ್ಟಿ ತೂಗಿಹಾಕಿ ಮನೆಗೆ ಬಂದಳು.
ಯಾರನ್ನೂ ಬಯ್ಯಲಿಲ್ಲ.
ನಾನು ಈ ಕೆಲಸಕ್ಕೆ ಸೇರಿದ ದಿನ ಹೇಳಿದ್ದು ಇಷ್ಟೇ:
'ನಮ್ಮ ಮನೆಯ ಕೊಳವೆಯೂ ಅಲ್ಲಿಗೇ ಹೋಗುತ್ತಿತ್ತು, ಸಬೇಲಾ.'

ಹೋದ ಚಳಿಗಾಲ ಬಿರುಗಾಳಿಯ ರಾತ್ರಿ
ಮಳೆನೀರು ನುಗ್ಗಿ ಎರಡೂ ತೊಟ್ಟಿ ಉಕ್ಕಿದವು.
ನಾನೇ ಗೇಟು ತೆರೆದೆ. ಮೂರು ಗಂಟೆ ಹತ್ತು ನಿಮಿಷ
ಊರು ಇದ್ದಂತೆಯೇ ಕಡಲಿಗೆ ಹೋಯಿತು.
ದಿನಚರಿಯಲ್ಲಿ ಬರೆದು ಸಹಿ ಹಾಕಿದೆ.
ಅಮ್ಮನಿಗೆ ಹೇಳಲಿಲ್ಲ.
ಬೆಳಿಗ್ಗೆ ಕಾಫಿ ಕೊಡುತ್ತ ನನ್ನ ಕೈ ನೋಡಿದಳು, ಅಷ್ಟೆ.

ಮೇ ತಿಂಗಳಲ್ಲಿ ಪ್ರಯೋಗಾಲಯದ ಕಾಗದ ಬಂತು.
ಉತ್ತರ ದಡದಲ್ಲಿ ಹೆಕ್ಕಬಹುದು,
ಚಿಪ್ಪನ್ನು ಶುದ್ಧ ನೀರಿನಲ್ಲಿಟ್ಟು ತಿನ್ನತಕ್ಕದ್ದು.
ಅಮ್ಮನಿಗೆ ಓದಿ ಹೇಳಿದೆ. 'ಕಾಗದ ಬೇಕಿತ್ತೇ ಇದಕ್ಕೆ,' ಎಂದಳು.

ಆ ಸಂಜೆ ಒಂದೂವರೆ ಸೇರು ಚಿಪ್ಪು,
ಅಂಚು ಕೆತ್ತಿಹೋದ ನೀಲಿ ಬೋಗುಣಿ, ಉಪ್ಪುನೀರು,
ಮೇಲೊಂದು ಒದ್ದೆ ಬಟ್ಟೆ.
ಎರಡು ರಾತ್ರಿ ಕತ್ತಲೆಯಲ್ಲಿ ಅವು ಬಾಯಿ ತೆರೆದು
ತಮ್ಮೊಳಗಿನ ಮರಳನ್ನು ಉಗುಳುವುದು ಕೇಳಿಸುತ್ತಿತ್ತು,
ಟಿಕ್, ತಡೆದು, ಟಿಕ್.

ಬೇಯಿಸಿ ಮೊದಲನೆಯದನ್ನು ತಾನೇ ತಿಂದಳು.
ಚೆನ್ನಾಗಿದೆ ಎನ್ನಲಿಲ್ಲ. ಎರಡನೆಯದನ್ನೂ ತಿಂದಳು.
ಆಮೇಲೆ ಬೋಗುಣಿಯ ಕದಡಿದ ನೀರನ್ನು
ಬಚ್ಚಲಿಗೆ ಸುರಿಯುತ್ತ, ತಿರುಗದೆಯೇ ಅಂದಳು:
'ಏಳು, ನಿನ್ನ ಪಾಳಿಗೆ ಹೊತ್ತಾಯಿತು.
ಇದು ನಿನಗಿಂತ ಮೊದಲೇ ಅಲ್ಲಿರುತ್ತದೆ.'