ಚುಕ್ಕಿಗಿಂತ ಮೊದಲು ಒಂದು ಸೊನ್ನೆ

ಮಗು ಬದುಕಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ,
ಇಲ್ಲದಿದ್ದರೆ ಕೊನೆಯತನಕ ನಿಮಗೆ ಬೇರೇನೂ ಕೇಳಿಸದು.

ಕೇಪ್ ಕೋಸ್ಟಿನ ಮಕ್ಕಳ ವಾರ್ಡು, ರಾತ್ರಿ ಎರಡು ಗಂಟೆ.
ಮರಳುಗಾಡಿನ ಧೂಳು ಹೊತ್ತ ಗಾಳಿ ಕಿಟಕಿಯ ಪಟ್ಟಿಗಳಲ್ಲಿ.
ಜನರೇಟರು ಆಗಷ್ಟೇ ಕೆಮ್ಮಿ ಎದ್ದಿತ್ತು.
ಡಾಕ್ಟರ ಅವಸರದ ಕೈ ಬರೆದದ್ದು: .5
ಹಾಳೆಯ ಗೆರೆ ಚುಕ್ಕಿಯನ್ನು ನುಂಗಿತ್ತು.
ನಾನು ಓದಿದ್ದು: 5

ಅರ್ಧ ಮಿಲಿಯ ಜಾಗದಲ್ಲಿ ಐದು ಮಿಲಿ, ಹೃದಯದ ಸಿರಪ್ಪು.
ಎರಡು ವರ್ಷದ ಎಬೊ ಚಪ್ಪರಿಸಿ ಕುಡಿದ,
ಸಿಹಿಯಿತ್ತು, ಇನ್ನೂ ಬೇಕೆಂದು ನನ್ನ ಬೆರಳು ಹಿಡಿದ.
ನಾಲ್ಕರ ಹೊತ್ತಿಗೆ ಅವನ ನಾಡಿ
ದಣಿದ ಬೆಸ್ತರ ಹುಟ್ಟಿನ ಹಾಗೆ
ಒಂದು.
ಆಮೇಲೆ ತುಂಬ ಹೊತ್ತು.
ಒಂದು.

ಬೆಳಿಗ್ಗೆ ನೋಟಿಸಿಗೆ ಕಾದು ಕೂತೆ.
ಹಿಂದಿನ ವರ್ಷ ಒಬ್ಬಳನ್ನು ಹಾಗೆಯೇ ಕಳಿಸಿದ್ದರು:
ಅವಳು ಮನೆಗೆ ಹೋದಳು, ತಪ್ಪು ಮಾತ್ರ ಡ್ಯೂಟಿಯಲ್ಲೇ ಉಳಿಯಿತು.

ಮೇಟ್ರನ್ ಅರಬಾ ಎಸ್ಸಿಲ್ಫಿ ಯಾರು ಎಂದು ಕೇಳಲಿಲ್ಲ.
ಎಲ್ಲಿ ನಿಂತಿದ್ದೆ? ಬೆಳಕೆಷ್ಟಿತ್ತು? ನಡುವೆ ಎಷ್ಟು ಜನ ಕರೆದರು?
ಆ ರಾತ್ರಿ ಎರಡಕ್ಕೆ ತಾನೇ ಬಂದು
ಅದೇ ಟ್ರಾಲಿಯ ಬಳಿ ಅದೇ ಹಾಳೆ ಹಿಡಿದಳು.
"ನಾನೂ ಐದೇ ಓದುತ್ತಿದ್ದೆ ಕಣೇ."

ಒಂದು ಮಂಚ, ಒಂದು ಪಾಳಿ, ಅಷ್ಟರಲ್ಲೇ ಶುರು.
ಔಷಧಿ ಅಳೆಯುವವಳಿಗೆ ಕೆಂಪು ಏಪ್ರನ್, ಮಾತಾಡಿಸಬಾರದು.
ಕಟುಕ ಬಂದನೆಂದು ಮಕ್ಕಳು ಕಿರುಚಿದವು.
ಮರುದಿನ ಹಳದಿ.
ಫಾರ್ಮಸಿಯ ಕ್ವಾಮೆನಾ ದೊಡ್ಡ ಸಿರಿಂಜುಗಳನ್ನೆಲ್ಲ ಎತ್ತಿಕೊಂಡು ಹೋದ:
ಈಗ ತಪ್ಪಬೇಕೆಂದರೂ ಐದು ಸಲ ತುಂಬಬೇಕು,
ಐದರಲ್ಲಿ ಒಮ್ಮೆಯಾದರೂ ಕೈ ನಾಚೀತು.

ಹಾಲಿನ ಪುಡಿಯ ಖಾಲಿ ಡಬ್ಬಿ, ಮುಚ್ಚಳದಲ್ಲಿ ಸೀಳು.
ತಪ್ಪಿದ್ದನ್ನು, ತಪ್ಪಲಿದ್ದನ್ನು ಬರೆದು ಹಾಕಿ, ಹೆಸರು ಬೇಡ.
ಮೊದಲ ತಿಂಗಳು ಮೂರು ಚೀಟಿ, ಮರುತಿಂಗಳು ಹತ್ತೊಂಬತ್ತು.
ಗೋಡೆಯ ನಕ್ಷೆಯಲ್ಲಿ ಗೆರೆ ಏಣಿ ಹತ್ತಿತು.
ನಿರ್ದೇಶಕರು ಹುಬ್ಬು ಗಂಟಿಕ್ಕಿದರು.
"ಹೆಚ್ಚಿದ್ದು ತಪ್ಪಲ್ಲ ಸಾರ್," ಎಂದಳು ಅರಬಾ,
"ಹೇಳುವ ಬಾಯಿ."

ಆಮೇಲೆ ಗೆರೆ ಇಳಿಯಿತು. ನೆಲ ಮುಟ್ಟಲಿಲ್ಲ.
ಮುಟ್ಟಿತೆಂದು ಯಾರಾದರೂ ಅಂದರೆ
ನಾನು ಮೊದಲು ಡಬ್ಬಿ ಅಲ್ಲಾಡಿಸಿ ನೋಡುತ್ತೇನೆ.

ಎಬೊನ ತಾಯಿಗೆ ನಾನೇ ಹೇಳಿದೆ.
ಮೀನು ಹೊಗೆಯಾಡಿಸಿ ಕೆಂಪಾದ ಕಣ್ಣು,
ಅದರಲ್ಲಿ ಕ್ಷಮೆ ಹುಡುಕಿದೆ, ಸಿಗಲಿಲ್ಲ.
ಸಿರಿಂಜು ಈಸಿಕೊಂಡು ಕೇಳಿದಳು: ಅರ್ಧದ ಗೆರೆ ಯಾವುದು?
ಅಂದಿನಿಂದ ಪ್ರತಿ ಗುಟುಕಿಗೂ ಅವಳ ಉಗುರು ಆ ಗೆರೆಯ ಮೇಲೆ.

ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು
ಶಾಲೆಯಲ್ಲಿ ಕೈಗೆ ಹೊಡೆದು ಕಲಿಸಿದ್ದರು.
ನಿನ್ನೆ ಗೇಟಿನವರೆಗೆ ಹೋದ ಡಾಕ್ಟರನ್ನು ಕೂಗಿ ಕರೆದೆ.
ಗೊಣಗುತ್ತ ಮರಳಿ ಬಂದು
ಚುಕ್ಕಿಯ ಎಡಕ್ಕೆ
ಆ ಬೆಲೆಯಿಲ್ಲದ್ದನ್ನು ದುಂಡಗೆ ಬರೆದರು.

ಅಷ್ಟರಲ್ಲಿ ತಪಾಸಣೆಗೆ ಬಂದ ಎಬೊ
ನನ್ನ ಹಳದಿ ಏಪ್ರನ್ನಿನ ದಾರ ಜಗ್ಗಿದ.
ನಾನು ತಿರುಗಲಿಲ್ಲ.
ಅಳೆದು ಮುಗಿಸಿ, ದಾರ ಬಿಚ್ಚಿ,
ಆಮೇಲೆ ಬಾಗಿದೆ.