ಮೂಗು ಇತ್ತ ತಿರುಗಿದಾಗ

ಮಂಗಳವಾರ ನನಗೆ ಯಾರೂ ತಲೆ ಕೊಡುವುದಿಲ್ಲ.
ಬೆಳಗಿನ ಐದೂವರೆಗೆ, ಶಟರ್ ಎತ್ತದೆ,
ಸೈಕಲ್ಲಿನ ಹಿಂದೆ ಥರ್ಮೊಕೋಲಿನ ಮೀನುಪೆಟ್ಟಿಗೆ ಬಿಗಿದು
ಸಾಣಿಕಟ್ಟಾದ ಉಪ್ಪಿನ ಆಗರದ ಕಡೆಗೆ.
ದಾರಿಯಲ್ಲಿ ಸಿಕ್ಕವರು ಕೇಳುತ್ತಾರೆ, ಬಂಗಡೆಯೋ, ತಾರ್ಲೆಯೋ?
ಹೆಲಿಕಾಪ್ಟರ್ ಅಂದರೆ ನಗುತ್ತಾರೆ.
ಅದಕ್ಕೇ ತಾರ್ಲೆ ಅನ್ನುತ್ತೇನೆ.

ಕಾಯ್ತಾನ್ ಮೊದಲೇ ಬಂದು ಬೀಡಿ ಹಚ್ಚಿರುತ್ತಾನೆ,
ಹೊಗೆ ಯಾವ ಕಡೆ ಬಾಗುತ್ತದೆಂದು ನೋಡಲು.
ಹಡಗಿನಲ್ಲಿ ಫಿಟ್ಟರ್ ಆಗಿದ್ದವ, ಗಾಳಿಯನ್ನು ನಂಬುವುದಿಲ್ಲ.
“ಒಂಬತ್ತಕ್ಕೆ ಕಡಲಗಾಳಿ ಏಳ್ತದೆ ಮಾರಾಯ,
ಎಂತ ಬೀಳಿಸೋದಿದ್ರೂ ಅಷ್ಟರೊಳಗೆ ಬೀಳಿಸು.”

ಮೊದಲ ತಿಂಗಳು ಹಾರುವ ಮಾತೇ ಇಲ್ಲ.
ಕಾಲಿಗೆ ಅಡ್ಡಡ್ಡ ಎರಡು ಬಿದಿರುಕಡ್ಡಿ,
ತುದಿಗೆ ನಾಲ್ಕು ಪ್ಲಾಸ್ಟಿಕ್ ಚೆಂಡು.
ಬಾಲ ನಿನ್ನ ಕಡೆಗಿರಲಿ, ನೆಲದ ಮೇಲೇ ಜಾರಿಸು ಅಂದ.
ಎಡಗೈ ಏರಿಗೆ, ಬಲಗೈ ವಾಲಿಕೆಗೆ.
ಬೆರಳು ಒತ್ತಬಾರದು, ಕಡ್ಡಿಗೆ ಕಿವಿಗೊಡಬೇಕು.
ಗಂಟಲಮಣಿಯ ಮೇಲೆ ಕತ್ತಿ ಹಾಯಿಸುವವನಿಗೆ
ಒತ್ತದಿರುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದರೂ ಒತ್ತಿದೆ.
ಒಮ್ಮೆಲೇ ಆಳೆತ್ತರ ನೆಗೆಯಿತು,
ಹೆದರಿ ಕೆಳಗೆಳೆದೆ,
ಬದುವಿಗೆ ಬಡಿದು ಎರಡು ರೆಕ್ಕೆ ನಾಲ್ಕಾದವು.
ಒಂದು ಜೊತೆ ರೆಕ್ಕೆಗೆ ಹನ್ನೊಂದು ತಲೆ,
ಬರೀ ದಾಡಿಯಾದರೆ ಇಪ್ಪತ್ತು.
ಆ ವಾರ ಊರಿನ ಕತ್ತುಗಳನ್ನೆಲ್ಲ
ಬೇರೆಯದೇ ಕಣ್ಣಿನಿಂದ ನೋಡಿದೆ.

ಹೊಸ ರೆಕ್ಕೆಗಳನ್ನು ಕತ್ತಿಯ ಬೆನ್ನಿನ ಮೇಲೆ ತೂಗಿ
ಹಗುರಾದದ್ದಕ್ಕೆ ಉಗುರಿನಷ್ಟು ಟೇಪು ಅಂಟಿಸುತ್ತಿದ್ದೆ.
ಸಾಬೂನಿನ ಗಡ್ಡದಲ್ಲಿ ಕಾಯುತ್ತ ಕೂತ ಬೀರಣ್ಣ ಕೇಳಿದ,
ಐವತ್ತಾರಕ್ಕೆ ಇದೆಂತಕೆ ನಿನಗೆ?
ಬಾಯಿಗೆ ಉತ್ತರ ಬರಲಿಲ್ಲ.
ಅವನ ಕಿವಿಯ ಹಿಂದೆ ಏನೋ ಉಳಿದಂತಿತ್ತು, ಸರಿಮಾಡಿದೆ.

ಏಳನೆಯ ಮಂಗಳವಾರ ನಾಲ್ಕೂ ಚೆಂಡು ನೆಲ ಬಿಟ್ಟವು.
ಒಂದು ಗೇಣು. ಕಾಯ್ತಾನನ ಎಣಿಕೆಯಲ್ಲಿ ಹದಿನಾಲ್ಕು.
ನಿಂತಿತು ಅನ್ನುತ್ತಾರೆ, ನಿಂತಿರಲಿಲ್ಲ ಅದು,
ಹತ್ತು ಕಡೆ ಬೀಳಲು ಹೊರಟು
ಹತ್ತು ಕಡೆಯಿಂದಲೂ ನನ್ನ ಹೆಬ್ಬೆರಳಿಗೆ ಮರಳುತ್ತಿತ್ತು.
ಆಗರದ ತೆಳುನೀರಿನಲ್ಲಿ ಇನ್ನೊಂದು,
ತಲೆಕೆಳಗಾಗಿ,
ಅದಕ್ಕೆ ಯಾರ ಬೆರಳೂ ಬೇಕಿರಲಿಲ್ಲ.

ಆಮೇಲೆ ಅವನು ಹೆದರಿಸಿದ,
“ಈಗ ಮೂಗು ನಿನ್ನ ಕಡೆ ತಿರುಗಿಸು.
ಅದರ ಎಡ ನಿನ್ನ ಬಲ ಆಗ್ತದೆ.
ಎಷ್ಟೋ ಜನ ಇಲ್ಲಿಗೇ ಮಾರಿ ಹೋಗ್ತಾರೆ.”
ನಕ್ಕುಬಿಟ್ಟೆ. ಮೂವತ್ತೆಂಟು ವರ್ಷ
ಕನ್ನಡಿ ನೋಡಿಕೊಂಡೇ ಮೀಸೆ ಸಮಮಾಡಿದವನು ನಾನು,
ನನಗೆ ಹೇಳುತ್ತೀಯಾ ಅಂದೆ.

ತಿರುಗಿತು. ನನ್ನನ್ನು ನೋಡಿತು.
ಎಡಕ್ಕೆ ವಾಲಿತೆಂದು ಬಲಕ್ಕೆ ಕೊಟ್ಟೆ,
ಇನ್ನೂ ವಾಲಿತು, ಇನ್ನೂ ಕೊಟ್ಟೆ,
ಉಪ್ಪುನೀರಿಗೆ ಬಿತ್ತು.
“ಮೊದಲು ಸಿಹಿನೀರಲ್ಲಿ ತೊಳಿ, ಆಮೇಲೆ ಅಳು,” ಅಂದ ಕಾಯ್ತಾನ್.

ರಾತ್ರಿ ಅಂಗಡಿಯ ಹೇರ್ ಡ್ರೈಯರಿನಲ್ಲಿ ಅದರ ಹೊಟ್ಟೆ ಒಣಗಿಸುತ್ತ
ಕನ್ನಡಿಗೆ ಎಡಗೈ ತೋರಿಸಿದೆ.
ಎಡಗಡೆಯೇ ಎದ್ದಿತು ಕೈ.
ಇಷ್ಟು ವರ್ಷ ಗಿರಾಕಿಯ ಬೆನ್ನಿಗೆ ನಿಂತು
ಅವನೊಂದಿಗೆ ಒಂದೇ ದಿಕ್ಕಿಗೆ ನೋಡುತ್ತಿದ್ದೆ,
ಅವನ ಎಡವೇ ನನ್ನ ಎಡ.
ಎದುರು ಬಂದವನ ಲೆಕ್ಕವೇ ಬೇರೆ.

ಬುಧವಾರ ಬೀರಣ್ಣನನ್ನು ಕೂರಿಸಿ
ಕುರ್ಚಿಯನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿದೆ.
ಕನ್ನಡಿ ತಪ್ಪಿದವನು
ಎಲ್ಲಿ ನೋಡುವುದೆಂದು ತಿಳಿಯದೆ ನನ್ನನ್ನೇ ನೋಡಿದ.
ಎಡಹುಬ್ಬಿನಲ್ಲಿ ಹಳೆಯ ಗಾಯದ ಗೆರೆ,
ಇಷ್ಟು ವರ್ಷ ಕಂಡೇ ಇರಲಿಲ್ಲ.
ಎಡಕ್ಕೆ ವಾಲು ಅಂದೆ. ವಾಲಿದ, ನನ್ನ ಬಲಕ್ಕೆ.
ಬಲಕ್ಕೆ ಅಂದೆ.
ಜೇಬಿನೊಳಗೆ ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಅಲುಗುತ್ತಿತ್ತು.

ಇವತ್ತು ದಾಡಿ ಉಂಟೋ ಇಲ್ಲವೋ, ಅಂದ ಬೀರಣ್ಣ.
ಉಂಟು ಉಂಟು.
ಇನ್ನೊಂದು ಸಲ, ಎಡಕ್ಕೆ.